ಕಾಗೆ ಬಡಿದು ನಾನು ಸತ್ತದ್ದು

ಇವತ್ತು ಬೆಳಗ್ಗೆ ಆಫೀಸಿನ ಬಾಗಿಲಿಗೆ ಹೊಸ ಸುರಕ್ಷತಾ ಸೂಚನೆ ಅಂಟಿಸಿದ್ದರು: ಇದು ಕಾಗೆಗಳು ಗೂಡು ಕಟ್ಟುವ ಕಾಲ, ಸೈಕಲ್ ಸವಾರರು ಹೆಲ್ಮೆಟ್ ಧರಿಸತಕ್ಕದ್ದು. ಓದುತ್ತಿದ್ದಂತೆ ಕೈ ತಾನಾಗಿಯೇ ನನ್ನ ಬೋಳುತಲೆಯ ಮೇಲೆ ಹೋಯಿತು. ಇದನ್ನೇ ಹದಿನೈದು ವರ್ಷ ಮೊದಲು ಅಂಟಿಸಿದ್ದರೆ ನಾನು ಒಮ್ಮೆ ಸಾಯುವುದು ತಪ್ಪುತ್ತಿತ್ತು.

ಆಗ ಕುವೈತಿನ ಅಹ್ಮದಿಯಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗುವ ಎಂಜಿನಿಯರ್ ಎಂದರೆ ನಾನೊಬ್ಬನೇ. ಹೊಟ್ಟೆ ಕರಗಿಸಲು ಎಂದು ಹೇಳಿಕೊಳ್ಳುತ್ತಿದ್ದೆ. ಹೊಟ್ಟೆ ಅದಕ್ಕೆ ಒಪ್ಪಿರಲಿಲ್ಲ. ದಾರಿಯ ಮರಗಳಲ್ಲಿ ನಮ್ಮೂರ ಕಡೆಯ ಕಾಗೆಗಳೇ ಸಂಸಾರ ಹೂಡಿದ್ದವು. ಹಡಗು ಹತ್ತಿ ಬಂದವಂತೆ. ಇಲ್ಲಿರಲು ನಮಗೆ ಜಾಮೀನು ನಿಲ್ಲುವ ಕಫೀಲನ ಸಹಿ ಬೇಕು, ಇಕಾಮಾ ಎಂಬ ವಾಸದ ಪರವಾನಗಿ ಬೇಕು. ಅವಕ್ಕೆ ಒಂದು ಮರ ಸಾಕು. ಮಾರ್ಚಿನ ಒಂದು ಬೆಳಗ್ಗೆ ಹಿಂದಿನಿಂದ ಬಂದ ಕಾಗೆಯೊಂದು ನೆತ್ತಿಗೆ ಫಟ್ಟೆಂದು ಬಡಿದು ಹೋಯಿತು. ನಾನು ಸೈಕಲ್ ಸಮೇತ ಉರುಳಿದೆ.

ಮನೆಯಲ್ಲಿ ಹೇಳಬಾರದಿತ್ತು. ಕಾಗೆ ತಲೆಗೆ ಬಡಿದರೆ ಸಾವಿನ ಕಂಟಕ. ಸತ್ತೆನೆಂದು ಬಂಧುಗಳಿಗೆ ಸುಳ್ಳು ಸುದ್ದಿ ಕಳಿಸಿ ಅವರನ್ನು ಅಳಿಸಿದರೆ ಅದು ಕಳೆಯುತ್ತದೆ ಎಂಬ ನಂಬಿಕೆ ನಿಮಗೂ ಗೊತ್ತಿರಬಹುದು.

“ಗದಗಿಗೆ ಫೋನ್ ಹಚ್ರಿ. ನಿಮ್ಮ ಅಕ್ಕಾರು ಒಂದ್ ಹನಿ ಕಣ್ಣೀರು ಹಾಕಿದ್ರ ಸಾಕು,” ಎಂದಳು ಹೆಂಡತಿ. ನಾನು ವಿಜ್ಞಾನದ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದು, ಹನ್ನೊಂದನೆಯ ನಿಮಿಷಕ್ಕೆ ಒಪ್ಪಿಕೊಂಡೆ.

ಕಷ್ಟವಿದ್ದದ್ದು ಅಕ್ಕನ ವಿಷಯದಲ್ಲೇ. ತಾಯಿಯಿಲ್ಲದ ನನ್ನನ್ನು ಸಾಕಿ ಬೆಳೆಸಿದವಳು ಅವಳು. ಅವಳ ಮಗಳ ಮದುವೆಗೆ, ರಜೆ ಕೊಡಲಿಲ್ಲ ಎಂದು ಬರೆದು ತಪ್ಪಿಸಿಕೊಂಡಿದ್ದೆ. ನಿಜ ಹೇಳುತ್ತೇನೆ, ರಜೆ ಕೇಳಿಯೇ ಇರಲಿಲ್ಲ. ಬಡ್ತಿಯ ಪಟ್ಟಿ ಹೊರಬೀಳುವ ಹೊತ್ತಿಗೆ ಸಾಹೇಬರ ಕಣ್ಣೆದುರು ಇರಬೇಕೆಂಬ ಆಸೆ. ಬಡ್ತಿ ಬರಲಿಲ್ಲ. ಅಕ್ಕನಿಗೆ ಫೋನ್ ಮಾಡಲು ಮುಖವಿಲ್ಲದೆ ಎಂಟು ತಿಂಗಳು ಕಳೆದಿದ್ದೆ.

ನಮ್ಮ ಆಫೀಸಿನ ಸ್ಟೋರಿನಲ್ಲಿದ್ದ ಉಳ್ಳಾಲದ ಇಬ್ರಾಹಿಂ ಅವರನ್ನು ನನ್ನ ಸಾವಿನ ಸುದ್ದಿ ಹೇಳಲು ಕೇಳಿಕೊಂಡೆ. “ನೀವು ಎದುರಿಗೇ ಕೂತು ಚಾ ಕುಡೀತಾ ಇದ್ದೀರಿ ಮಾರಾಯ್ರೆ. ಸತ್ರು ಅಂತ ನಾನು ಹೇಗೆ ಹೇಳುದು?” ಎಂದರು. ಕೊನೆಗೆ ನಾನೇ ರಿಸೀವರಿಗೆ ಕರವಸ್ತ್ರ ಸುತ್ತಿ, ದನಿ ದಪ್ಪ ಮಾಡಿ, “ಕುವೈತಿನಿಂದ ಮಾತಾಡುತ್ತಿದ್ದೇನೆ. ನಿಮ್ಮ ತಮ್ಮ ತೀರಿಕೊಂಡರು,” ಎಂದೆ.

ಆ ಕಡೆಯಿಂದ ಅಕ್ಕನ ದನಿ ಬಂತು.

“ಕಾಗಿ ಬಡೀತೇನೋ ತಮ್ಮಾ?”

ನಾನು ರಿಸೀವರಿನ ಕರವಸ್ತ್ರ ಬಿಚ್ಚಿದೆ.

“ಮದುವಿಗೆ ರಜಾ ಕೊಡಲಿಲ್ಲ ಅಂದಿದ್ದಿ. ಸಾಯಾಕ ಹ್ಯಾಂಗ ಕೊಟ್ರೋ?” ಎಂದು ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು. “ನಿನ್ನ ದನಿ ಕೇಳಾಕ ನೀ ಸಾಯಬೇಕಾತಲ್ಲೋ!”

“ರಜಾ ನಾ ಕೇಳೇ ಇರಲಿಲ್ಲಕ್ಕಾ,” ಎಂದೆ. ನನಗೂ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಡತಿ, ಕಂಟಕ ಕಳೆಯಿತೆಂದು ಸಮಾಧಾನದಿಂದ ಅಡುಗೆಮನೆಗೆ ಹೋದಳು.

ಅಂದಿನಿಂದ ಪ್ರತಿ ಶುಕ್ರವಾರ ಅಕ್ಕನಿಗೆ ಫೋನ್ ಮಾಡುತ್ತ ಬಂದಿದ್ದೇನೆ. ಹೋದ ವರ್ಷದಿಂದ ಅವಳಿಗೆ ಮರೆವು. “ಯಾರ್ರೀ?” ಎಂದು ಕೇಳುತ್ತಾಳೆ. ನಿನ್ನ ತಮ್ಮ ಎಂದರೆ ನಂಬುವುದಿಲ್ಲ.

“ಅಂವ ಇಲ್ಲಿಲ್ರಿ, ಕುವೈತಿನ್ಯಾಗ ಅದಾನ. ಪಾಪ, ಅವಗ ರಜಾ ಕೊಡೂದಿಲ್ಲಂತ.”

ಇವತ್ತು ಕುರ್ಚಿಯಲ್ಲಿ ಕೂತವನೇ ಮೊದಲು ರಜೆಯ ಅರ್ಜಿ ಬರೆದೆ. ಯಾಕೆ ಎಂದು ಸಾಹೇಬರು ಕೇಳಿದರು. ಅಕ್ಕನನ್ನು ನೋಡಬೇಕು ಎಂದೆ. ಸಹಿ ಹಾಕಲು ಅವರಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.