ಸೆಲ್ವಿಯ ದನಿ ಅಳಿಸಿದ ಆಲ್ಬಂ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ವಿನೋಬನಗರದಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದೆ. ಭಕ್ತಿಗೀತೆ, ಚುನಾವಣಾ ಪ್ರಚಾರದ ಕ್ಯಾಸೆಟ್ಟುಗಳೇ ಹೆಚ್ಚು. ಜೊತೆಗೆ ಸಭೆ ಸಮಾರಂಭಗಳಿಗೆ ಮೈಕಿನ ವ್ಯವಸ್ಥೆಯನ್ನೂ ಮಾಡುತ್ತಿದ್ದೆ.

ಆಗ ಭದ್ರಾವತಿಯ ಕಾಗದನಗರದಿಂದ ಒಂದು ರಾಕ್ ಬ್ಯಾಂಡ್ ತನ್ನ ಎರಡನೇ ಆಲ್ಬಂ ಮಾಡಲು ಬಂತು. ಎಲ್ಲರೂ ಅಲ್ಲಿನ ಕಾಗದ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ಗಿಟಾರು, ಕೀಬೋರ್ಡು, ತಮಟೆ, ಹಾಡುವವಳು ಸೆಲ್ವಿ. ಕನ್ನಡ ಹಾಡಿನ ನಡುವೆ ಅವಳ ಅಜ್ಜಿಯ ತಮಿಳು ಲಾಲಿ ಬರುತ್ತಿತ್ತು, ಅದರ ಬೆನ್ನಿಗೇ ತಮಟೆ. ಕೇಳಿ ಮೈ ಜುಮ್ಮೆಂದಿತು.

ರೆಕಾರ್ಡಿಂಗಿನಲ್ಲಿ ಒಂದೊಂದು ವಾದ್ಯಕ್ಕೂ ಟೇಪಿನ ಮೇಲೆ ಬೇರೆ ಬೇರೆ ಟ್ರ್ಯಾಕ್ ಇರುತ್ತದೆ. ಒಂದನ್ನು ಅಳಿಸಿದರೂ ಉಳಿದವು ಹಾಗೇ ಇರುತ್ತವೆ. ಬ್ಯಾಂಡಿನ ಹುಡುಗರು ಆ ಮೂಲ ಟೇಪನ್ನು, ಕ್ಯಾಸೆಟ್ ಮಾಡಿಸಿ ಮಾರಲೆಂದು, ನಮ್ಮೂರಿನ ಕ್ಯಾಸೆಟ್ ವ್ಯಾಪಾರಿಯೊಬ್ಬರಿಗೆ ನಂಬಿ ಕೊಟ್ಟರು. ಬಿಡುಗಡೆಗೆ ಮೊದಲೇ ಕೈಗೆ ಸಿಕ್ಕ ಕ್ಯಾಸೆಟ್ಟಿನ ಮುಖಪುಟದಲ್ಲಿ ವ್ಯಾಪಾರಿಯ ಅಕ್ಕನ ಮಗನ ಫೋಟೋ ಇತ್ತು. ಸೆಲ್ವಿ ಅದನ್ನು ತಂದು ನನ್ನ ಡೆಕ್ಕಿಗೆ ಹಾಕಿದಳು.

"ತಮಟೆ ನಮ್ದು, ಗಿಟಾರ್ ನಮ್ದು. ನಾನ್ ಎಲ್ಲಿದೀನಿ ಅಣ್ಣಾ? ನಮ್ಮಜ್ಜಿ ಲಾಲಿನೂ ಅವನೇ ಹಾಡಿದಾನೆ!"

ಮೂಲ ಟೇಪಿನಿಂದ ಅವಳ ದನಿಯನ್ನೇ ಅಳಿಸಿ ಆ ಹುಡುಗನ ದನಿ ಸೇರಿಸಿಬಿಟ್ಟಿದ್ದರು. ಅವಳ ದನಿ ಉಳಿದಿದ್ದು ರೆಕಾರ್ಡಿಂಗ್ ಮುಗಿದಾಗ ನಾನು ಮಾಡಿಟ್ಟುಕೊಂಡಿದ್ದ ಒಂದೇ ಕ್ಯಾಸೆಟ್ ಪ್ರತಿಯಲ್ಲಿ. ವ್ಯಾಪಾರಿಗೆ ಫೋನ್ ಮಾಡಿದೆ.

"ಇಂಥ ಹಾಡನ್ನ ಹೆಣ್ಣು ದನೀಲಿ ಯಾರ್ ಕೇಳ್ತಾರೆ ಮಾರಾಯ? ಮೈಕ್‌ಸೆಟ್‌ನವ್ನು ನೀನು, ನಿಂಗ್ಯಾಕೆ ಇದೆಲ್ಲ? ಬಿಡುಗಡೆ ದಿನ ಬಂದು ಸೌಂಡ್ ನೋಡ್ಕೋ."

ರಕ್ತ ಕುದಿಯಿತು. ಆದರೂ ಮೆತ್ತಗೆ, "ಆಗ್ಲಿ ಸಾರ್, ಬರ್ತೀನಿ" ಎಂದೆ.

ಆ ಕಾಲದ ಬಿಡುಗಡೆ ಸಮಾರಂಭಗಳಲ್ಲಿ ಒಂದು ರೂಢಿಯಿತ್ತು. ಗಾಯಕ ವೇದಿಕೆಯ ಮೇಲೆ ಬರೀ ತುಟಿ ಆಡಿಸುತ್ತಾನೆ, ಹಾಡುವುದು ಕ್ಯಾಸೆಟ್ಟು. ಅದನ್ನು ಹಾಕುವ ಕೆಲಸ ನನ್ನದು. ಸೆಲ್ವಿಗೆ ಹಿಂದಿನ ಸಾಲಿನಲ್ಲಿ ಬಂದು ಕೂರಲು ಹೇಳಿದ್ದೆ. ಯಾಕೆಂದು ಹೇಳಿರಲಿಲ್ಲ.

ಸಭಾಂಗಣ ತುಂಬಿತ್ತು. ವ್ಯಾಪಾರಿಯ ಅಕ್ಕನ ಮಗ ಕಪ್ಪು ಕನ್ನಡಕ ಏರಿಸಿ ಮೈಕ್ ಹಿಡಿದ. ನಾನು ಅವರು ಕೊಟ್ಟ ಕ್ಯಾಸೆಟ್ ಜೇಬಿಗಿಟ್ಟು ನನ್ನ ಪ್ರತಿ ಹಾಕಿದೆ. ಗಿಟಾರು ಬಂತು, ತಮಟೆ ಬಂತು. ಹುಡುಗ ಬಾಯಿ ತೆರೆದ. ಹೆಣ್ಣಿನ ದನಿ ಹೊರಟಿತು. ಎರಡು ಸಾಲಿನವರೆಗೂ ಅವನು ಗೊತ್ತಾಗದೆ ಬಾಯಿ ಆಡಿಸುತ್ತಲೇ ಇದ್ದ. ಜನ ಬಿದ್ದು ಬಿದ್ದು ನಕ್ಕರು. ನನಗೆ ಪಾಪ ಎನ್ನಿಸಲಿಲ್ಲ.

ವ್ಯಾಪಾರಿ ಏದುಸಿರು ಬಿಡುತ್ತಾ ಓಡಿಬಂದರು. "ನಿಲ್ಸೋ! ಏನ್ ಹಾಕಿದೀಯ?"

"ಅದೇ ಹಾಡು ಸಾರ್. ಹಾಡಿದೋಳು ವಾಪಸ್ ಬಂದಿದಾಳೆ, ಅಷ್ಟೆ" ಎಂದು ಡೆಕ್ಕಿಗೆ ಅಡ್ಡ ನಿಂತೆ.

ಹಾಡು ಮುಗಿಯಿತು. ಹಿಂದಿನ ಸಾಲಿನಲ್ಲಿ ಸೆಲ್ವಿ ಎದ್ದು ನಿಂತಿದ್ದಳು. ಇಡೀ ಸಭೆಗೆ ಕೇಳುವಂತೆ ಅಂದಳು: "ಅಣ್ಣಾ, ಇನ್ನೊಂದ್ಸಲ ಹಾಕಿ."

ಹಾಕಿದೆ.

ಬ್ಯಾಂಡಿನವರು ನನ್ನ ಪ್ರತಿಯಿಂದಲೇ ಆಲ್ಬಮ್ಮನ್ನು ತಾವೇ ಹೊರತಂದರು. ವ್ಯಾಪಾರಿಯ ಕ್ಯಾಸೆಟ್ಟುಗಳು ಅಂಗಡಿಗಳಿಂದ ವಾಪಸು ಬಂದವೆಂದು ಕೇಳಿ ಅಂದು ಹೊಟ್ಟೆ ತುಂಬ ಊಟ ಮಾಡಿದೆ. ಆಮೇಲೆ ಬಿಡುಗಡೆ ಸಮಾರಂಭಗಳಿಗೆ ನನ್ನನ್ನು ಯಾರೂ ಕರೆಯಲಿಲ್ಲ, ಅದೂ ನಿಜ.

ವೃತ್ತಿಯಲ್ಲಿ ಸೇಡು ಇರಬಾರದು ಎನ್ನುತ್ತಾರೆ. ನನ್ನ ವೃತ್ತಿ ಕಲಿಸಿದ್ದು ಬೇರೆ: ಒಬ್ಬರ ದನಿಯನ್ನು ಹಿಡಿದಿಟ್ಟವನು ಅದನ್ನು ಅವರಿಗೇ ಮುಟ್ಟಿಸಬೇಕು. ಮುಟ್ಟಿಸುವಾಗ ತುಂಬಿದ ಸಭೆಯಲ್ಲಿ ಇನ್ನೊಬ್ಬರ ಮಾನ ಹೋದರೆ, ಹೋಗಲಿ.