ಪಾಯಸದ ಬಾಲ್ದಿ

ಕಾರ್ಕಳದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಸಣ್ಣ ರಿಪೇರಿಯವರಿಗೆ ಮರಳು, ಜಲ್ಲಿಯನ್ನು ಬಾಲ್ದಿಯ ಲೆಕ್ಕದಲ್ಲೂ ಕೊಡುತ್ತೇನೆ. ಒಂದೇ ಬಾಲ್ದಿಯಲ್ಲಿ ನೀರಾದರೆ ಹತ್ತು ಕಿಲೋ, ಮರಳಾದರೆ ಹದಿನೈದರ ಮೇಲೆ. ನೆನೆದ ಮರಳಾದರೆ ಎತ್ತುವವನ ಪುಣ್ಯ. ಸ್ಕೂಟರಿನಲ್ಲಿ ಒಯ್ಯಲು ಬಂದವರಿಗೆ, “ಬಾಲ್ದಿಯದ್ದೇ ತೂಕ ಬೇರೆ ಉಂಟು ಮಾರಾಯ್ರೆ” ಎಂದು ಬುದ್ಧಿ ಹೇಳುವುದೂ ನಾನೇ.

ಈ ವರ್ಷ ಮಣಿಪಾಲದಲ್ಲಿ ನನಗೆ ಹರ್ನಿಯಾದ ಆಪರೇಷನ್ ಆಯಿತು. ಕೆಲವು ತಿಂಗಳು ಐದು ಕಿಲೋಗಿಂತ ಹೆಚ್ಚು ಎತ್ತಬಾರದು ಎಂದರು ಡಾಕ್ಟರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ಬಿರುದಿನ ಹಾಗೆ ಹೇಳಿಕೊಂಡು ತಿರುಗುತ್ತಾರೆ. ನನ್ನದು ತೊಡೆಸಂದಿನ ಸಂಗತಿ. ಯಾರಿಗೆ, ಎಂತ ಹೇಳುವುದು? ಹೆಂಡತಿಯ ಬಾಯಿ ಮುಚ್ಚಿಸಿದೆ. ಕಾಪುವಿನಲ್ಲಿರುವ ತಂಗಿಗೂ ಹೇಳಲಿಲ್ಲ. ಅವಳ ಮಗಳ ಮದುವೆಯ ಓಡಾಟಕ್ಕೆ ಕರೆದಾಗಲೆಲ್ಲ ಅಂಗಡಿಯಲ್ಲಿ ಕೆಲಸ ಎಂದು ತಪ್ಪಿಸಿಕೊಂಡೆ. ಅಣ್ಣನಿಗೆ ದೊಡ್ಡಸ್ತಿಕೆ ಬಂದಿದೆ ಎಂದು ಅವಳು ಯಾರೊಡನೆಯೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ಆದರೂ ಗುಟ್ಟು ಬಿಡಲಿಲ್ಲ.

ಬಡಿಸಲು ಕೇಟರಿಂಗ್‌ನವರು ಎಷ್ಟೇ ಜನ ಇರಲಿ, ಮೊದಲ ಪಂಕ್ತಿಗೆ ಪಾಯಸವನ್ನು ಹುಡುಗಿಯ ಸೋದರಮಾವನೇ ಬಡಿಸಬೇಕು. ಅದು ನಮ್ಮ ಕುಟುಂಬದ ಪದ್ಧತಿ. ಇದ್ದ ಒಬ್ಬ ಸೋದರಮಾವ ನಾನು. ಮದುವೆಯ ದಿನ ಗಂಡಿನ ಕಡೆಯವರು ಎಲೆಯ ಮುಂದೆ ಕುಳಿತಾಗಿತ್ತು.

“ಇದಕ್ಕಾದರೂ ಬರುತ್ತೀಯಾ ಅಣ್ಣ?” ಎಂದಳು ತಂಗಿ.

ಸ್ಟೀಲಿನ ಬಾಲ್ದಿಯನ್ನು ಇಣುಕಿ ನೋಡಿದೆ. ಅರ್ಧ ಇತ್ತು. ಐದು ಲೀಟರು, ಐದು ಕಿಲೋ, ಅಡ್ಡಿಯಿಲ್ಲ ಎಂದುಕೊಂಡೆ. ಕಡಲೆಬೇಳೆ, ಬೆಲ್ಲ, ತೆಂಗಿನಹಾಲು ಸೇರಿ ಕುದಿದದ್ದು ನೀರಿನಷ್ಟು ಹಗುರ ಇರುವುದಿಲ್ಲ ಎಂಬುದು ಹೊಳೆಯಲಿಲ್ಲ. ಬಾಲ್ದಿಯ ತೂಕವನ್ನಂತೂ ಪೂರ್ತಿ ಮರೆತೆ. ಊರಿಗೆಲ್ಲ ಹೇಳುವ ಬುದ್ಧಿ ನನಗೇ ಇರಲಿಲ್ಲ.

ನಾಲ್ಕೈದು ಎಲೆ ದಾಟುವಷ್ಟರಲ್ಲಿ ಹೊಲಿಗೆಯ ಜಾಗದಲ್ಲಿ ಚುಳಕ್ ಎಂದಿತು. ಬಗ್ಗಿದವನು ಬಗ್ಗಿಯೇ ಉಳಿದೆ. ಬಾಲ್ದಿಯನ್ನು ಊಟದ ಎಲೆಗಳ ನಡುವೆ ನೆಲದ ಮೇಲೆ ಇಟ್ಟುಬಿಟ್ಟೆ.

“ಎಂತಾಯ್ತು, ಸೊಂಟವಾ?” ಎಂದು ಮದುಮಗನ ದೊಡ್ಡಪ್ಪ ಕೇಳಿದರು. ಹೌದು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಹೆಂಡತಿ ಓಡಿ ಬಂದು, “ಸೊಂಟ ಅಲ್ಲ, ಹರ್ನಿಯಾ! ಆಪರೇಷನ್ ಆಗಿ ಇನ್ನೂ ಎರಡು ತಿಂಗಳಾಗಲಿಲ್ಲ. ಯಾರಿಗೂ ಹೇಳಬೇಡ ಅಂತ ನನಗೆ ಆಣೆ ಬೇರೆ!” ಎಂದಳು. ಮದುವೆ ಹಾಲ್‌ನ ಆ ಮೂಲೆಯವರೆಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ನಾಚಿಕೆಯಲ್ಲಿ ಕುಗ್ಗಿ ಹಿಡಿಯಾದೆ.

ತಂಗಿ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ನಾನು ಹೊರಗಿನವಳಾ ಅಣ್ಣ?” ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಬಾಲ್ದಿಯನ್ನು ಎತ್ತಿದಳು. “ಸೌಟು ಹಿಡಿ. ಬಡಿಸುವುದು ನೀನೇ.”

ಅವಳು ಹಿಡಿದಳು, ನಾನು ಬಡಿಸಿದೆ. ಪಂಕ್ತಿ ಮುಗಿಯುವವರೆಗೂ ಅವಳು ನನ್ನ ಮುಖ ನೋಡಲಿಲ್ಲ. ಆದರೆ ಒಂದೊಂದು ಎಲೆಯ ಮುಂದೆ ನಿಂತಾಗಲೂ, ಯಾರೂ ಕೇಳದಿದ್ದರೂ, ನಗುತ್ತಲೇ ಹೇಳುತ್ತಾ ಹೋದಳು: “ಅಣ್ಣನಿಗೆ ಆಪರೇಷನ್ ಆಗಿದೆ. ನನಗೂ ಈಗಷ್ಟೇ ಗೊತ್ತಾದದ್ದು.”