ತಡೆದುಕೊಂಡೇ ಬದುಕಿದವನು

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಡ್ರೈವರ್ ತನ್ನ ಸಲುವಾಗಿ ಒಂದು ದಿನವೂ ದಾರಿಯಲ್ಲಿ ಗಾಡಿ ನಿಲ್ಲಿಸಿದವನಲ್ಲ. ಹೊರಡುವ ಮುನ್ನ ನೀರು ಮುಟ್ಟುತ್ತಿರಲಿಲ್ಲ. ಕಕ್ಕಸಿಗೆ ಅವಸರವಾದರೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದ. ಡಿಪೋದವರು ಅವನಿಗೆ ‘ಗಟ್ಟಿಹೊಟ್ಟೆ’ ಎಂದು ಹೆಸರಿಟ್ಟರು. ಬಿರುದು ಕೊಡುವವರ ಕೈಯಿಂದ ಏನೂ ಹೋಗುವುದಿಲ್ಲವಲ್ಲ, ಧಾರಾಳವಾಗಿ ಕೊಟ್ಟರು.

ಎಪ್ಪತ್ತೆರಡನೇ ವಯಸ್ಸಿಗೆ ಪಿತ್ತಕೋಶದ ಆಪರೇಷನ್ನಾಯಿತು. ಏಳು ದಿನ ಕಳೆದರೂ ಹೊಟ್ಟೆ ಸಡಿಲವಾಗಲಿಲ್ಲ. ಮಾತ್ರೆಗೆ ಬಗ್ಗಲಿಲ್ಲ, ಎನಿಮಾಕ್ಕೂ ಬಗ್ಗಲಿಲ್ಲ. ಹೀಗೇ ಕಟ್ಟಿಕೊಂಡರೆ ಮತ್ತೆ ಕೊಯ್ಯಬೇಕಾದೀತು, ಈ ಸಲ ಜೀವ ತಡೆಯುತ್ತದೆಂದು ಹೇಳಲಾರೆ ಎಂದು ಡಾಕ್ಟರು ಮಗಳಿಗೆ ಹೇಳಿಬಿಟ್ಟರು.

ನರ್ಸಮ್ಮ ಬೇರೆ ದಾರಿ ಹಿಡಿದಳು: ಬಿಸಿನೀರು, ಕಾರಿಡಾರಿನಲ್ಲಿ ನಡಿಗೆ, ತಿಂಡಿಯಾದ ಕಾಲು ಗಂಟೆಗೆ ಕಮೋಡು, ಕಾಲ ಕೆಳಗೊಂದು ಮಣೆ. ಡ್ರೈವರ್ ನೀರನ್ನು ಕಳ್ಳತನದಲ್ಲಿ ಬೇಸಿನ್ನಿಗೆ ಸುರಿಯುತ್ತಿದ್ದ. ಕಮೋಡಿನ ಮೇಲೆ ಒಂದು ನಿಮಿಷ ಕೂತು ಎದ್ದುಬರುತ್ತಿದ್ದ. ಹನ್ನೆರಡು ಹಾಸಿಗೆಗೆ ಒಂದೇ ಕಕ್ಕಸು, ಬಾಗಿಲಿಗೆ ಚಿಲಕವಿಲ್ಲ. ಹೊರಗೆ ಯಾರಾದರೂ ಕೆಮ್ಮಿದರೆ ಮುಗಿಯಿತು.

ನೋಡಲು ಬಂದ ಕಂಡಕ್ಟರ್ ಅವನ ಬಸ್ಸಿನಲ್ಲೇ ಹತ್ತೊಂಬತ್ತು ವರ್ಷ ಸವೆಸಿದವನು. ಗಟ್ಟಿಹೊಟ್ಟೆಯ ಕಥೆಯನ್ನು ರಸವತ್ತಾಗಿ ಹೇಳಿದ. ನರ್ಸಮ್ಮ ನಗಲಿಲ್ಲ.

“ಎರಡು ನಿಮಿಷ ನಿಲ್ಸಪ್ಪಾ ಅಂತ ನೀವಾದ್ರೂ ಹೇಳ್ಬಾರದಿತ್ತಾ?”

ಮಾತಿನ ಮಲ್ಲ ಕಂಡಕ್ಟರ್ ತಂದಿದ್ದ ಹಣ್ಣನ್ನು ಮೇಜಿನ ಮೇಲಿಟ್ಟು ಹೊರಟುಬಿಟ್ಟ. ಬಸ್ಸು ಲೇಟಾದರೆ ಮೆಮೋ ಬರುತ್ತಿದ್ದುದು ಇಬ್ಬರಿಗೂ. ಡ್ರೈವರ್ ಬೆವರುವುದನ್ನು ಬಸ್ಸಿನ ಕನ್ನಡಿಯಲ್ಲಿ ಎಷ್ಟೋ ಸಲ ಕಂಡೂ ತಾನು ಹೊರಡಲು ಸೀಟಿ ಊದಿದ್ದ.

ಮರುದಿನ ಬೆಳಿಗ್ಗೆಯೇ ಕಂಡಕ್ಟರ್ ಬಂದು, ಬಿಸಿನೀರಿನ ಲೋಟ ಖಾಲಿಯಾಗುವವರೆಗೆ ಎದುರು ನಿಂತ. ತೋಳು ಹಿಡಿದು ಎರಡು ಸುತ್ತು ನಡೆಸಿದ. ತಿಂಡಿಯಾದ ಮೇಲೆ ಒಳಗೆ ಕೂರಿಸಿ, ಬಾಗಿಲೆಳೆದು ಅದಕ್ಕೆ ಬೆನ್ನು ಕೊಟ್ಟು ನಿಂತ.

ಇಪ್ಪತ್ತು ನಿಮಿಷಕ್ಕೆ ಮೂವರು ಸೇರಿದರು. ಒಬ್ಬ, ಒಳಗೇನು ಮನೆ ಕಟ್ಟಿಸ್ತಿದ್ದಾರಾ ಎಂದ. ಹೌದು, ಈಗಿನ್ನೂ ಪಾಯ ತೋಡ್ತಿದ್ದಾರೆ, ನೀವು ಕೆಳಗಿನ ಮಹಡಿಗೆ ಹೋಗಿ ಎಂದ ಕಂಡಕ್ಟರ್.

ಒಳಗಿನಿಂದ ಸಣ್ಣ ದನಿ: “ಬಂದ್ಬಿಡ್ತೀನೋ. ಜನ ಕಾಯ್ತಿದ್ದಾರೆ.”

“ಕಾಯ್ಲಿ. ಕೂತ್ಕೊ ನೀನು.”

ಆಮೇಲೆ ನರಳಾಟ, ನಡುವೆ ಮಗುವಿನಂಥ ಅಳು. ಕಂಡಕ್ಟರ್ ಕದಲಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆದಾಗ ಡ್ರೈವರನ ಅಂಗಿ ಒದ್ದೆಯಾಗಿತ್ತು. ಸ್ವಲ್ಪ ರಕ್ತವಿದ್ದರೂ ಹೊಟ್ಟೆ ಇಳಿದಿತ್ತು. ಇನ್ನು ಕೊಯ್ಯುವ ಮಾತಿಲ್ಲ, ದಿನವೂ ಇದೇ ಹೊತ್ತಿಗೆ ಕೂರಿಸಿ ಎಂದಳು ನರ್ಸಮ್ಮ.

ಹಾಸಿಗೆಯಲ್ಲಿ ಗೋಡೆಗೆ ಮುಖ ತಿರುಗಿಸಿ ಮಲಗಿದ ಡ್ರೈವರ್ ಮೆಲ್ಲಗೆ ಹೇಳಿದ: “ಎರಡು ನಿಮಿಷ ನಿಲ್ಸಿದ್ರೆ ಜನ ಕಾಯ್ತಾರೆ ಅಂತ ಬಸ್ಸಲ್ಲಿದ್ದಾಗ್ಲೂ ನಿಂಗೆ ಗೊತ್ತಿತ್ತಲ್ವಾ?”

ಕಂಡಕ್ಟರ್ ಅವನ ಕಾಲಿಗೆ ಹೊದಿಕೆ ಎಳೆದು, ನಾಳೆ ಎಂಟಕ್ಕೆ ಬರುತ್ತೇನೆ ಎಂದಷ್ಟೇ ಹೇಳಿದ.